ಅಬಾಪ್ ತರಬೇತಿಯಲ್ಲಿ ಬಟನ್ ಒತ್ತಿದ ನಂತರದ ಪಾಠವೂ ಇರಲಿ

ಮಾನ್ಯ ಸಂಪಾದಕರೇ,

ಕಂಪನಿಗಳ ವ್ಯವಹಾರ ನಿರ್ವಹಿಸುವ ಸ್ಯಾಪ್ ತಂತ್ರಾಂಶದ ಉದ್ಯೋಗದ ಆಸೆ ಹೊತ್ತು ನಾನಾ ಜಿಲ್ಲೆಗಳಿಂದ ಬೆಂಗಳೂರಿಗೆ ಬರುವ ಪದವೀಧರರಿಗೆ ಅದರ ಪ್ರೋಗ್ರಾಮ್ ಬರೆಯುವ ಅಬಾಪ್ ಭಾಷೆ ಕಲಿಸುವ ಕೆಲಸದಲ್ಲಿರುವ ನಾನು, ಒಂದು ಕೊರತೆಯನ್ನು ತಮ್ಮ ಪತ್ರಿಕೆಯ ಮೂಲಕ ಗಮನಕ್ಕೆ ತರಲು ಬಯಸುತ್ತೇನೆ. ಈಚೆಗೆ ಅನೇಕ ತರಬೇತಿ ಕೇಂದ್ರಗಳು ಮಾಡ್ಯೂಲ್ ಪೂಲ್ (ಬಳಕೆದಾರ ವಿವರ ತುಂಬುವ ಪರದೆಗಳುಳ್ಳ ಪ್ರೋಗ್ರಾಮ್) ಪಾಠವನ್ನು ಹಳೆಯದೆಂದು ಅವಸರದಲ್ಲಿ ಮುಗಿಸಿಬಿಡುತ್ತಿವೆ. ಎಸ್‌ಇ51 ಎಂಬ ಸಾಧನದಲ್ಲಿ ಪರದೆ ರೂಪಿಸುವುದನ್ನೂ ಎಸ್‌ಇ41 ಎಂಬ ಸಾಧನದಲ್ಲಿ ಬಟನ್ ಕೂರಿಸುವುದನ್ನೂ ತೋರಿಸುತ್ತಾರೆ. ಆದರೆ ಆ ಬಟನ್ ಒತ್ತಿದ ಮೇಲೆ ಪ್ರೋಗ್ರಾಮ್ ಹೇಗೆ ನಡೆದುಕೊಳ್ಳಬೇಕೆಂಬ ಪಾಠ ಯಾವ ಬಟನ್‌ಗೆ ಯಾವ ಕೆಲಸ ಎಂದು ಕವಲೊಡೆಸುವ ಒಂದು ಕೇಸ್ ಹೇಳಿಕೆ ಬರೆಸುವಲ್ಲಿಗೆ ನಿಂತುಹೋಗುತ್ತದೆ.

ಬ್ರೌಸರ್‌ನಲ್ಲಿ ತೆರೆಯುವ ಫಿಯೋರಿ ಎಂಬ ಹೊಸ ಬಗೆಯ ಪರದೆ ಬಂದಿದೆ, ಕ್ಲೌಡ್‌ಗೆಂದು ರೂಪಿಸಿದ ಅಬಾಪ್‌ನಲ್ಲಿ ಈ ಬಗೆಯ ಪರದೆಗಳಿಗೆ ಜಾಗವಿಲ್ಲ ಎಂಬುದು ನಿಜ. ಆದರೆ 2015ರಲ್ಲಿ ಬಂದ ಸ್ಯಾಪ್‌ನ ಹೊಸ ಪೀಳಿಗೆಯ ಎಸ್/4ಹಾನಾದಲ್ಲೂ ಮಾರಾಟ ಆದೇಶದ ವಿಎ01, ಸರಕು ಚಲನೆಯ ಮಿಗೋದಂತಹ ವ್ಯವಹಾರಗಳು ಸ್ಯಾಪ್ ಗುಯಿ ಎಂಬ ಹಳೆಯ ಬಗೆಯ ಪರದೆಗಳಲ್ಲೇ ತೆರೆದುಕೊಳ್ಳುತ್ತವೆ. ಝಡ್ ಅಕ್ಷರದಿಂದ ಶುರುವಾಗುವ, ಕಂಪನಿಗಳು ತಮಗಾಗಿಯೇ ಬರೆಸಿಕೊಂಡ ಪ್ರೋಗ್ರಾಮ್‌ಗಳ ನಿರ್ವಹಣೆಯೇ ಹೊಸಬರ ಕೈಗೆ ಮೊದಲು ಬರುವ ಕೆಲಸ.

ಪಾಠ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಗೋದಾಮಿನ ಸರಕು ಸ್ವೀಕೃತಿ ಪರದೆಯೊಂದನ್ನು ತೆಗೆದುಕೊಳ್ಳೋಣ. ಬಳಕೆದಾರ ಉಳಿಸುವ ಬಟನ್ ಒತ್ತಿದಾಗ ಅದರ ಫಂಕ್ಷನ್ ಕೋಡ್ (ಬಟನ್‌ನ ಗುರುತಿನ ಪದ) ‘ಸೇವ್’ ಎಂಬುದು, ಆ ಕೋಡನ್ನು ಹೊರುವ ಪರದೆಯ ಓಕೆ ಕೋಡ್ ಫೀಲ್ಡ್ ಮೂಲಕ, ಬಳಕೆದಾರನ ಕ್ರಿಯೆಯ ನಂತರ ನಡೆಯುವ ಪಿಎಐ ಹಂತದಲ್ಲಿ ಪ್ರೋಗ್ರಾಮ್‌ಗೆ ತಲುಪುತ್ತದೆ, ದಾಖಲೆ ಸೃಷ್ಟಿಯಾಗುತ್ತದೆ. ಆ ಫೀಲ್ಡನ್ನು ಪ್ರೋಗ್ರಾಮ್ ಖಾಲಿ ಮಾಡದಿದ್ದರೆ, ಪರದೆ ಮತ್ತೆ ಮೂಡುವಾಗ ಹಳೆಯ ಕೋಡ್ ಅದರೊಂದಿಗೇ ಹಿಂದಿರುಗಿ ಕೂತಿರುತ್ತದೆ. ಮುಂದಿನ ಪೂರೈಕೆದಾರನ ಸಂಖ್ಯೆ ಟೈಪ್ ಮಾಡಿ, ಅವನ ಹೆಸರು ಬರಲೆಂದು ಬಳಕೆದಾರ ಬರೀ ಎಂಟರ್ ಒತ್ತುತ್ತಾನೆ. ಎಂಟರ್‌ಗೆ ಸ್ವಂತ ಕೋಡ್ ಇಲ್ಲದ ಕಾರಣ ಹಳೆಯ ‘ಸೇವ್’ ಪುನಃ ಪ್ರೋಗ್ರಾಮ್‌ಗೆ ಬಂದು, ಅರ್ಧ ತುಂಬಿದ ವಿವರವೇ ದಾಖಲೆಯಾಗಿಬಿಡುತ್ತದೆ. ಕೋಡನ್ನು ಬೇರೊಂದು ವೇರಿಯಬಲ್‌ಗೆ ನಕಲಿಸಿಕೊಂಡು, ಓಕೆ ಕೋಡನ್ನು ತಕ್ಷಣ ಕ್ಲಿಯರ್ ಮಾಡಿ, ನಕಲಿನ ಮೇಲೆ ಕೇಸ್ ಬರೆಯುವುದು ಎರಡು ಸಾಲಿನ ಕೆಲಸ. ಆ ಎರಡು ಸಾಲು ಬಿಟ್ಟರೆ ತಿಂಗಳ ಕೊನೆಗೆ ದಾಸ್ತಾನು ಲೆಕ್ಕ ತಾಳೆಯಾಗದೆ ಪರದಾಡುವವರು ಗೋದಾಮಿನವರು, ಪ್ರೋಗ್ರಾಮ್ ಬರೆದವರಲ್ಲ.

ಹೊರಹೋಗುವ ಬಟನ್‌ಗಳ ವಿಷಯದಲ್ಲಂತೂ ನಿರ್ಲಕ್ಷ್ಯ ಇನ್ನೂ ಹೆಚ್ಚು. ಕಡ್ಡಾಯ ಫೀಲ್ಡ್ ಖಾಲಿಯಿರುವಾಗ ಬಳಕೆದಾರ ರದ್ದು ಬಟನ್ ಒತ್ತಿದರೆ, ಕಡ್ಡಾಯ ವಿವರಗಳನ್ನು ತುಂಬಿರೆಂಬ ಸಂದೇಶ ಬರುತ್ತದೆಯೇ ವಿನಾ ಪರದೆ ಮುಚ್ಚುವುದಿಲ್ಲ. ತಪ್ಪಿ ಒಳಬಂದವನು ಹೊರಹೋಗಲು ಸುಳ್ಳು ವಿವರ ತುಂಬಬೇಕಾಗುತ್ತದೆ. ಇದಕ್ಕೆ ಪರಿಹಾರ ಭಾಷೆಯಲ್ಲೇ ಇದೆ: ಆ ಫಂಕ್ಷನ್‌ಗೆ ಹೊರಹೋಗುವ ಆಜ್ಞೆಯೆಂದು ಗುರುತಿಸುವ ‘ಇ’ ವಿಧವನ್ನು ಕೊಟ್ಟು, ಪಿಎಐಯಲ್ಲಿ ‘ಆ್ಯಟ್ ಎಕ್ಸಿಟ್-ಕಮಾಂಡ್’ ಸೇರಿಸಿದ ಮಾಡ್ಯೂಲ್ (ಕೋಡ್ ತುಣುಕು) ಇಟ್ಟರೆ, ಫೀಲ್ಡ್‌ಗಳ ಸ್ವಯಂಚಾಲಿತ ತಪಾಸಣೆಗೆ ಮೊದಲೇ ಅದು ನಡೆಯುತ್ತದೆ. ಆದರೆ ಆ ಘಟ್ಟದಲ್ಲಿ ಪರದೆಯಲ್ಲಿ ಟೈಪಾದ ಮೌಲ್ಯಗಳು ಪ್ರೋಗ್ರಾಮ್‌ಗೆ ಇನ್ನೂ ಬಂದಿರುವುದಿಲ್ಲವಾದ್ದರಿಂದ, ಉಳಿಸದ ತಿದ್ದುಪಡಿ ಇದೆಯೇ ಎಂದು ಹಳೆಯ ಹೊಸ ಮೌಲ್ಯಗಳನ್ನು ಹೋಲಿಸಿ ನೋಡಲಾಗದು. ಎಸ್‌ವೈ-ಡೇಟಾರ್ ಎಂಬ, ಪರದೆಯಲ್ಲಿ ಏನಾದರೂ ಬದಲಾಗಿದೆಯೇ ಎಂದು ತಿಳಿಸುವ ಸಿಸ್ಟಮ್ ಫೀಲ್ಡನ್ನು ನೋಡಬೇಕು. ಅದೂ ಆ ಸಲದ ಬದಲಾವಣೆಯನ್ನಷ್ಟೇ ಹೇಳುತ್ತದೆ, ನಡುವೆ ಒಮ್ಮೆ ಎಂಟರ್ ಒತ್ತಿದ್ದರೆ ಹಿಂದಿನ ಗುರುತು ಉಳಿಯುವುದಿಲ್ಲ. ಹಾಗಾಗಿ ಪ್ರೋಗ್ರಾಮ್ ತನ್ನದೇ ಒಂದು ಗುರುತನ್ನು ಇಟ್ಟುಕೊಳ್ಳಬೇಕಾಗುತ್ತದೆ. ಇಷ್ಟು ವಿವರ ಹೇಳುವ ತರಗತಿ ಅಪರೂಪ.

ಇನ್ನು ಉಳಿಸಬೇಕೇ ಎಂದು ಕೇಳುವ ಕಿಟಕಿ. ‘ಪಾಪ್‌ಅಪ್ ಟು ಕನ್‌ಫರ್ಮ್’ ಎಂಬ ಸಿದ್ಧ ಫಂಕ್ಷನ್ ಮಾಡ್ಯೂಲ್ ಹೌದು ಎಂದರೆ 1, ಇಲ್ಲ ಎಂದರೆ 2, ರದ್ದು ಎಂದರೆ ಎ ಎಂದು ಉತ್ತರ ಕೊಡುತ್ತದೆ. ಎಷ್ಟೋ ವಿದ್ಯಾರ್ಥಿಗಳು 1 ಬಂದರೆ ಉಳಿಸಿ, ಇಲ್ಲವಾದರೆ ಹೊರನಡೆಯುವಂತೆ ಬರೆಯುತ್ತಾರೆ. ರದ್ದು ಒತ್ತಿದವನ ಉದ್ದೇಶ ಪರದೆಯಲ್ಲೇ ಉಳಿಯುವುದು. ಈ ಕೋಡ್ ಅವನನ್ನು ಹೊರಗೆ ಕಳಿಸಿ, ಅವನು ತುಂಬಿದ್ದನ್ನೆಲ್ಲ ಕಳೆದುಬಿಡುತ್ತದೆ. ಹಾಗೆಯೇ, ಅಧಿಕಾರವಿಲ್ಲದವರಿಗೆ ಬಟನ್ ಕಾಣದಂತೆ ಮಾಡಿದರೆ ಸಾಕೆಂಬ ನಂಬಿಕೆಯೂ ಸರಿಯಲ್ಲ. ಬಳಕೆದಾರನ ಅಧಿಕಾರ ಪರಿಶೀಲಿಸುವ ಅಥಾರಿಟಿ-ಚೆಕ್ ಹೇಳಿಕೆ ಉಳಿಸುವ ಕವಲಿನೊಳಗೇ ಇರಬೇಕು.

ಇವು ಯಾವುದೂ ಕಠಿಣವಲ್ಲ. ಗ್ರಾಮೀಣ ಹಿನ್ನೆಲೆಯ, ಕನ್ನಡ ಮಾಧ್ಯಮದಲ್ಲಿ ಓದಿಬಂದ ಮಕ್ಕಳು ಕೂಡ, ಬಟನ್ ಒತ್ತಿದ ಕ್ಷಣದಿಂದ ಪರದೆ ಮತ್ತೆ ಮೂಡುವವರೆಗೆ ಏನೇನು ಯಾವ ಕ್ರಮದಲ್ಲಿ ನಡೆಯುತ್ತದೆ ಎಂದು ಡಿಬಗರ್‌ನಲ್ಲಿ ಒಂದೊಂದೇ ಹೆಜ್ಜೆ ಇಡಿಸಿ ತೋರಿಸಿದರೆ ಬಹಳ ಚೆನ್ನಾಗಿ ಗ್ರಹಿಸುತ್ತಾರೆ. ಸಾವಿರಾರು ರೂಪಾಯಿ ಶುಲ್ಕ ಕೊಟ್ಟು ಬರುವ ಅವರಿಗೆ ಇದನ್ನು ಕಲಿಸದಿರುವುದು ಅನ್ಯಾಯ. ತರಬೇತಿ ಕೇಂದ್ರಗಳು ಅಂತಿಮ ಪ್ರಾಜೆಕ್ಟ್ ಒಪ್ಪಿಕೊಳ್ಳುವ ಮುನ್ನ ಮೂರು ಪರೀಕ್ಷೆಗಳನ್ನಾದರೂ ಕಡ್ಡಾಯ ಮಾಡಲೆಂದು ನನ್ನ ಕಳಕಳಿಯ ಮನವಿ: ಉಳಿಸಿದ ಕೂಡಲೇ ಎಂಟರ್ ಒತ್ತಿ ನೋಡುವುದು, ಕಡ್ಡಾಯ ಫೀಲ್ಡ್ ಖಾಲಿ ಬಿಟ್ಟು ರದ್ದು ಒತ್ತಿ ನೋಡುವುದು, ಮತ್ತು ದೃಢೀಕರಣದ ಕಿಟಕಿಯಲ್ಲಿ ಮೂರೂ ಉತ್ತರಗಳನ್ನು ಒತ್ತಿ ನೋಡುವುದು.

ಇತಿ,
ಅಬಾಪ್ ಬೋಧಕ, ಬೆಂಗಳೂರು