ಅಜ್ಜನಿಗೆ, ಯಾರ್ಕ್‌ನ ದೆವ್ವಗಳ ಸುದ್ದಿ

ಲೀಡ್ಸ್, ಇಂಗ್ಲೆಂಡ್
ಮಾರ್ಚ್ ಕೊನೆಯ ವಾರ

ಪ್ರೀತಿಯ ಅಜ್ಜನಿಗೆ ನಿಮ್ಮ ಮೊಮ್ಮಗಳ ನಮಸ್ಕಾರಗಳು.

ನಾನು ಇಲ್ಲಿ ಆರಾಮಾಗಿದ್ದೇನೆ. ಚಳಿ ಸ್ವಲ್ಪ ಇಳಿದಿದೆ. ಅಮ್ಮ ಕಳಿಸಿದ ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲ ಬಂದು ಮುಟ್ಟಿದೆ. ಈ ವಿಷಯ ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧಂಬರ್ಧ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ಚಾವಡಿಯಲ್ಲಿ ಕೂತು ಗಟ್ಟಿಯಾಗಿ ಓದಲಿ.

ಮೊನ್ನೆ ಶನಿವಾರ ಯಾರ್ಕ್ ಅನ್ನುವ ಊರಿಗೆ ಹೋಗಿದ್ದೆ. ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದಾರಿ. ರೋಮನ್ನರು ಕ್ರಿ.ಶ. 71ರಲ್ಲಿ ಬಂದು ಕಟ್ಟಿದ ಊರು ಅದು. ಹಳೆಯ ಕೋಟೆಗೋಡೆ ಈಗಲೂ ಇದೆ, ಅದರ ಮೇಲೆಯೇ ನಡೆದು ಹೋಗಬಹುದು. ಆ ಊರಿನಲ್ಲಿ ಕತ್ತಲಾದ ಮೇಲೆ ಜನರನ್ನು ಕರೆದುಕೊಂಡು ಓಣಿ ಓಣಿ ಸುತ್ತಿಸಿ ದೆವ್ವದ ಕಥೆ ಹೇಳುವವರಿದ್ದಾರೆ. 1973ರಲ್ಲಿ ಶುರುವಾದದ್ದಂತೆ. ಈಗ ಅಂಥ ತಂಡಗಳು ಹಲವು. 'ದುಡ್ಡು ಕೊಟ್ಟು ಯಾರಾದರೂ ಹೆದರಿಕೊಳ್ತಾರಾ' ಅಂತ ಅಮ್ಮ ಕೇಳಿದಳು. ಆದರೆ ನಮ್ಮ ಗೈಡ್ ಯಾರನ್ನೂ ಹೆದರಿಸಲಿಲ್ಲ. ವಯಸ್ಸಾದವರು, ಕರಿ ಕೋಟು, ಉದ್ದ ಟೋಪಿ, ಕೈಯಲ್ಲಿ ಒಂದು ಕೋಲು. ಮೈಕೂ ಇಲ್ಲ, ಟಾರ್ಚೂ ಇಲ್ಲ. ದೊಡ್ಡ ವಿಷಯ ಬಂದಾಗ ಸ್ವರ ಇನ್ನೂ ತಗ್ಗಿಸುತ್ತಿದ್ದರು. ನಾವೇ ಹತ್ತಿರ ಹೋಗಿ ಕಿವಿ ಕೊಡಬೇಕು. ನೀವು ಕಥೆ ಹೇಳುವುದೂ ಹಾಗೇ ಅಲ್ವಾ?

ಮಿನ್‌ಸ್ಟರ್ ಅಂತ ಅಲ್ಲೊಂದು ಭಾರಿ ಚರ್ಚ್ ಇದೆ. ಅದರ ಹಿಂದಿನ ಟ್ರೆಷರರ್ಸ್ ಹೌಸ್ ಎದುರು ನಿಲ್ಲಿಸಿದರು. 1953ರಲ್ಲಿ ಹ್ಯಾರಿ ಮಾರ್ಟಿಂಡೇಲ್ ಅನ್ನುವ ಹುಡುಗ ಆ ಮನೆಯ ನೆಲಮಾಳಿಗೆಯಲ್ಲಿ ಪೈಪು ಹಾಕುವ ಕೆಲಸಕ್ಕೆ ಹೋಗಿದ್ದ. ಏಣಿ ಮೇಲೆ ಇದ್ದಾಗ ಕಹಳೆಯ ಸದ್ದು ಕೇಳಿತು. ನೋಡಿದರೆ ಗೋಡೆಯೊಳಗಿಂದ ಸೈನಿಕನೊಬ್ಬ ಹೊರಗೆ ಬಂದ. ಅವನ ಹಿಂದೆ ಒಂದು ಕುದುರೆ, ಆಮೇಲೆ ಸೈನಿಕರ ಸಾಲು. ಸೋತು ಸುಣ್ಣವಾದ ಮುಖ, ಕೈಯಲ್ಲಿ ದುಂಡನೆಯ ಗುರಾಣಿ. ಯಾರಿಗೂ ಮೊಣಕಾಲಿನಿಂದ ಕೆಳಗೆ ಕಾಲೇ ಕಾಣಲಿಲ್ಲ. ಇಷ್ಟು ಹೇಳಿ ಗೈಡ್ ಕೋಲನ್ನು ತಮ್ಮ ಮೊಣಕಾಲಿಗೆ ಅಡ್ಡ ಹಿಡಿದು ಸುಮ್ಮನೆ ನಿಂತರು. ನೆಲಮಾಳಿಗೆಯಲ್ಲಿ ಒಂದು ಕಡೆ ನೆಲ ಅಗೆದಿದ್ದರಂತೆ. ಅಲ್ಲಿಗೆ ಬಂದಾಗ ಮಾತ್ರ ಕಾಲು, ಚಪ್ಪಲಿಯ ಪಟ್ಟಿ ಎಲ್ಲ ಕಂಡಿತು. ಅವರು ನಡೆಯುತ್ತಿದ್ದದ್ದು ಕೆಳಗೆ ಹೂತುಹೋದ ಹಳೆಯ ರೋಮನ್ ರಸ್ತೆಯ ಮೇಲೆ! ಹುಡುಗ ಏಣಿಯಿಂದ ಬಿದ್ದು, ಎದ್ದು ಓಡಿದ. ಜನ ನಗುತ್ತಾರೆ ಅಂತ ಎಷ್ಟೋ ವರ್ಷ ಬಾಯಿ ಬಿಡಲಿಲ್ಲ. ಮುಂದೆ ಪೊಲೀಸ್ ಆದ. ಕೊನೆಯವರೆಗೂ ಕಥೆ ಬದಲಿಸಲಿಲ್ಲ.

ಅಲ್ಲೇ ಹತ್ತಿರ ಪ್ಲೇಗಿನಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡು ಒಳಗೇ ಸಿಕ್ಕಿಬಿದ್ದ ಒಂದು ಹುಡುಗಿಯ ಕಿಟಕಿ ತೋರಿಸಿದರು. ಅವಳು ಈಗಲೂ ಅಲ್ಲಿಂದ ಇಣುಕುತ್ತಾಳಂತೆ. ಆ ಕಿಟಕಿಯನ್ನು ನಾನು ಜಾಸ್ತಿ ಹೊತ್ತು ನೋಡಲಿಲ್ಲ.

ನಿಮಗೆ ಹೇಳಲೇಬೇಕಾದದ್ದು ಶ್ಯಾಂಬಲ್ಸ್ ಓಣಿಯ ಕಥೆ. ಅದು ಹಿಂದೆ ಕಟುಕರ ಬೀದಿ. ಮರದ ಮನೆಗಳ ಮಾಳಿಗೆ ಎರಡೂ ಕಡೆಯಿಂದ ಮುಂದಕ್ಕೆ ಬಾಗಿದೆ, ಮಧ್ಯೆ ಆಕಾಶದ ಒಂದು ಸಣ್ಣ ಪಟ್ಟಿ ಮಾತ್ರ ಕಾಣುತ್ತದೆ. ಮಾಂಸ ನೇತುಹಾಕುತ್ತಿದ್ದ ಕಬ್ಬಿಣದ ಕೊಕ್ಕೆಗಳು ಕೆಲವು ಅಂಗಡಿಗಳ ಮುಂದೆ ಇನ್ನೂ ಇವೆ. ಒಂದನ್ನು ಮುಟ್ಟಿ ನೋಡಿದೆ. ತಣ್ಣಗೆ ಕೊರೆಯುತ್ತಿತ್ತು, ತುದಿ ಸವೆದು ನುಣುಪಾಗಿತ್ತು. ಕೆಳಗೆ ಮಾಂಸ ಹರವುತ್ತಿದ್ದ ಅಗಲ ಹಲಗೆ.

ಈ ಬೀದಿಯಲ್ಲಿ ಮಾರ್ಗರೆಟ್ ಕ್ಲಿಥೆರೋ ಅಂತ ಒಬ್ಬ ಕಟುಕನ ಹೆಂಡತಿ ಇದ್ದಳು. ಆಗ ಇಲ್ಲಿ ಕ್ಯಾಥೊಲಿಕ್ ಪಾದ್ರಿಗಳಿಗೆ ಜಾಗ ಕೊಟ್ಟರೆ ಮರಣದಂಡನೆ. ಅವಳು ಕೊಟ್ಟಳು, ಸಿಕ್ಕಿಬಿದ್ದಳು. ಕೋರ್ಟಿನಲ್ಲಿ ತಪ್ಪು ಮಾಡಿದ್ದೇನೆ ಅಂತಲೂ ಹೇಳಲಿಲ್ಲ, ಮಾಡಿಲ್ಲ ಅಂತಲೂ ಹೇಳಲಿಲ್ಲ. ಹೇಳಿದ್ದರೆ ವಿಚಾರಣೆ ನಡೆಯುತ್ತಿತ್ತು, ಅವಳ ಮಕ್ಕಳನ್ನೇ ಸಾಕ್ಷಿ ಕಟ್ಟೆಗೆ ಎಳೆಯುತ್ತಿದ್ದರು. ಬಾಯಿ ಬಿಡದವರಿಗೆ ಆಗಿನ ಕಾನೂನಿನ ಶಿಕ್ಷೆಯೇ ಬೇರೆ. 1586ರ ಮಾರ್ಚ್ 25ರಂದು ಅವಳನ್ನು ಔಸ್ ನದಿಯ ಸೇತುವೆ ಹತ್ತಿರ ಅಂಗಾತ ಮಲಗಿಸಿದರು. ಬೆನ್ನಡಿಗೆ ಚೂಪು ಕಲ್ಲು, ಮೈಮೇಲೆ ಅವಳ ಮನೆಯದೇ ಬಾಗಿಲು, ಬಾಗಿಲ ಮೇಲೆ ಭಾರದ ಕಲ್ಲುಗಳು. ಅದನ್ನು ಮಾಡಬೇಕಾದ ಅಧಿಕಾರಿಗಳಿಗೇ ಕೈ ಬರಲಿಲ್ಲ. ಭಿಕ್ಷುಕರಿಗೆ ಕಾಸು ಕೊಟ್ಟು ಮಾಡಿಸಿದರಂತೆ. ಅವಳು ಆಗ ಬಸುರಿ ಅಂತಲೂ ಹೇಳುತ್ತಾರೆ.

ಅಜ್ಜ, ಅಷ್ಟು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ. 1970ರಲ್ಲಿ ಪೋಪ್ ಅವಳಿಗೆ ಸಂತ ಪದವಿ ಕೊಟ್ಟರು. ಆ ಓಣಿಯಲ್ಲೇ ಅವಳ ಹೆಸರಿನ ಒಂದು ಪುಟ್ಟ ಪ್ರಾರ್ಥನಾ ಕೋಣೆ ಇದೆ. ಅವಳ ಒಂದು ಕೈಯನ್ನು ಈಗಲೂ ಊರಿನ ಬಾರ್ ಕಾನ್ವೆಂಟ್‌ನಲ್ಲಿ ಕಾಪಾಡಿ ಇಟ್ಟಿದ್ದಾರೆ ಅಂತ ಗೈಡ್ ಹೇಳಿದರು.

ಕೈ ಅಂದ ಕೂಡಲೇ ನನಗೆ ನಮ್ಮ ಶಿಲ್ಪಿ ಕಲ್ಕುಡ ನೆನಪಾದ. ನಮ್ಮ ಗೊಮ್ಮಟ ಬೆಟ್ಟದ ಮೆಟ್ಟಿಲ ಮೇಲೆ ಕೂತು ನೀವು ಹೇಳುತ್ತಿದ್ದದ್ದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೇರೆಲ್ಲೂ ಇಂಥದ್ದನ್ನು ಕಡೆಯಬಾರದು ಅಂತ ಭೈರರಸ ಅವನ ಒಂದು ಕೈ, ಒಂದು ಕಾಲು ತೆಗೆಸಿದ್ದು, ಅವನು ಉಳಿದ ಒಂದೇ ಕೈಯಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ್ದು. ಕಾರ್ಕಳದ್ದು 1432, ವೇಣೂರಿನದ್ದು 1604, ಒಬ್ಬನೇ ಹೇಗೆ ಮಾಡಲು ಸಾಧ್ಯ ಅಂತ ಅಪ್ಪ ತಕರಾರು ತೆಗೆಯುತ್ತಿದ್ದರು. ಲೆಕ್ಕ ಅಪ್ಪನದೇ ಸರಿ. ಆದರೂ ಆ ಕಲ್ಲು ಕಡೆದು ಕೈ ಸವೆಸಿದವರು ಇದ್ದೇ ಇದ್ದರಲ್ಲ. ಅರಸರ ಹೆಸರು ಶಾಸನದಲ್ಲಿದೆ, ಕಡೆದವನ ನೆನಪು ತುಳು ಹಾಡುಗಳಾದ ಪಾಡ್ದನದಲ್ಲಿ, ದೈವದ ಕೋಲದಲ್ಲಿ ಉಳಿಯಿತು. ಯಾರ್ಕ್‌ನಲ್ಲೂ ಆ ಕೆಲಸವನ್ನು ಈ ಕೋಲು ಹಿಡಿದ ಗೈಡುಗಳು ಮಾಡುತ್ತಿದ್ದಾರೆ ಅನ್ನಿಸಿತು. ಮಾರ್ಗರೆಟ್ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಇನ್ನು ಮರೆಯಲಾರೆ.

ಇನ್ನೊಂದು ವಿಷಯಕ್ಕೆ ಆ ಗೈಡ್ ಮೇಲೆ ಗೌರವ ಜಾಸ್ತಿಯಾಯಿತು. ಊರಿನಲ್ಲಿ ಕ್ಲಿಫರ್ಡ್ಸ್ ಟವರ್ ಅಂತ ದಿಬ್ಬದ ಮೇಲೆ ಕಲ್ಲಿನ ಬುರುಜು ಇದೆ. ಮಧ್ಯಾಹ್ನವೇ ನೋಡಿ ಬಂದಿದ್ದೆ. 1190ರ ಮಾರ್ಚ್‌ನಲ್ಲಿ, ಅಲ್ಲಿ ಇನ್ನೂ ಮರದ ಕೋಟೆ ಇದ್ದಾಗ, ಊರಿನ ಯಹೂದಿಗಳು ಸುಮಾರು 150 ಮಂದಿ ಗಲಭೆಗೆ ಹೆದರಿ ಒಳಗೆ ಸೇರಿಕೊಂಡರು. ಹೊರಗೆ ಜನ ಮುತ್ತಿಗೆ ಹಾಕಿದರು. ಒಳಗೆ ಹೆಚ್ಚಿನವರು ತಾವೇ ಪ್ರಾಣ ಬಿಟ್ಟರು. ಜೀವ ಉಳಿಸುತ್ತೇವೆ ಅಂದದ್ದನ್ನು ನಂಬಿ ಹೊರಗೆ ಬಂದವರನ್ನು ಕೊಂದರು. ಗಲಭೆಯ ಮುಂದಾಳುಗಳಲ್ಲಿ ಆ ಯಹೂದಿಗಳಿಂದಲೇ ಸಾಲ ತಂದವರಿದ್ದರು. ಎಲ್ಲ ಮುಗಿದ ಮೇಲೆ ಅವರು ಸೀದಾ ಮಿನ್‌ಸ್ಟರ್‌ಗೆ ಹೋಗಿ ಅಲ್ಲಿಟ್ಟಿದ್ದ ಸಾಲಪತ್ರಗಳನ್ನು ಸುಟ್ಟುಹಾಕಿದರು. ದಿಬ್ಬದ ತುಂಬ ಹಳದಿ ಡ್ಯಾಫಡಿಲ್ ಹೂಗಳು. ಆ ದಿನದ ಆಸುಪಾಸಿಗೆ ಅರಳಲಿ ಅಂತಲೇ ನೆಟ್ಟಿದ್ದಾರೆ. ಗುಂಪಿನಲ್ಲಿ ಯಾರೋ 'ಅಲ್ಲಿನ ಕಲ್ಲಿನಲ್ಲಿ ರಕ್ತ ಒಸರುತ್ತದಂತೆ, ಹೌದಾ?' ಅಂತ ಕೇಳಿದರು. ಆ ಜಾಗದ ಮೇಲೆ ನಾನು ದೆವ್ವದ ಕಥೆ ಹೇಳುವುದಿಲ್ಲ, ಅಲ್ಲಿ ನಡೆದದ್ದನ್ನು ಬೇಕಾದರೆ ಹೇಳುತ್ತೇನೆ ಅಂದರು ಗೈಡ್. ಹೇಳಿದರು ಕೂಡ. ಮುಖವಾಡ ಹಾಕಿಕೊಂಡು ಮೂಲೆಯಿಂದ ಹಾರಿ ಚೀರಿಸುವ ತಂಡಗಳೂ ಅಲ್ಲಲ್ಲಿ ಇರುತ್ತವೆ. ನನಗೆ ಅದು ಬೇಡ.

ನನ್ನ ಜೊತೆ ಬಂದಿದ್ದ ಇಲ್ಲಿನ ಗೆಳತಿಗೆ ವಾಪಸ್ ರೈಲಿನಲ್ಲಿ ಕಲ್ಕುಡನ ಕಥೆ ಹೇಳಿದೆ. ಕಣ್ಣು ಬಿಟ್ಟು ಕೇಳಿದಳು. ಆದರೆ ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕಿಕೊಂಡು ಬಂದು, ಮುಂದೆ ಅರಸನ ಬೆನ್ನು ಹತ್ತುವ ಭಾಗ ನನಗೆ ಸರಿಯಾಗಿ ಬರುವುದಿಲ್ಲ. ಅಪ್ಪನ ಫೋನಿನಲ್ಲಿ ಅದನ್ನೊಂದು ರೆಕಾರ್ಡ್ ಮಾಡಿ ಕಳಿಸಿ ಅಜ್ಜ. ಪಾಡ್ದನದ ಸಾಲು ಎಷ್ಟು ನೆನಪಿದೆಯೋ ಅಷ್ಟೂ ತುಳುವಿನಲ್ಲೇ ಹೇಳಿ, ಅವಳಿಗೆ ನಾನು ಬಿಡಿಸಿ ಹೇಳುತ್ತೇನೆ. ಗಂಟಲು ನೋವಿದ್ದರೆ ಎರಡು ಮೂರು ತುಂಡಾಗಿ ರೆಕಾರ್ಡ್ ಮಾಡಿದರೂ ಸಾಕು.

ಬಿಪಿ ಮಾತ್ರೆ ತಪ್ಪಿಸಬೇಡಿ. ಅಜ್ಜಿಗೆ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ ಮೊಮ್ಮಗಳು