ಬಿಸಿಲು ಹಗಲಿಗೆ, ಪಂಪ್‌ಸೆಟ್ ಕರೆಂಟ್ ರಾತ್ರಿಗೆ!

ಸಂಪಾದಕರೇ,

ಮಧುಗಿರಿ ತಾಲ್ಲೂಕಿನಲ್ಲಿ ನನ್ನದು ಒಂದೂವರೆ ಎಕರೆ ಅಡಿಕೆ, ಪಕ್ಕದಲ್ಲಿ ಒಂದಿಷ್ಟು ಸೇವಂತಿಗೆ. ಯಜಮಾನರು ಹೋದ ಮೇಲೆ ತೋಟ ನೋಡಿಕೊಳ್ಳುವವಳು ನಾನೇ. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್ ಎಂದು ಸರ್ಕಾರ ಹೇಳುತ್ತದೆ. ನಮ್ಮ ಫೀಡರ್‌ನಲ್ಲಿ, ಅಂದರೆ ಸಬ್‌ಸ್ಟೇಷನ್‌ನಿಂದ ನಮ್ಮ ತೋಟಗಳಿಗೆ ಬರುವ ಲೈನಿನಲ್ಲಿ, ಅದರಲ್ಲಿ 4 ಗಂಟೆ ಬರುವುದು ರಾತ್ರಿ 11ರ ಮೇಲೆ. ನಮ್ಮ ಕಡೆ ಕರಡಿ ಕಾಟ ಬೇರೆ. ಮಗ ಟಾರ್ಚ್ ಹಿಡಿದು ಗೇಟ್‌ವಾಲ್ ತಿರುಗಿಸಲು ಹೋದರೆ, ಅವನು ವಾಪಸ್ ಬರುವವರೆಗೆ ನನಗೆ ನಿದ್ದೆ ಹತ್ತುವುದಿಲ್ಲ.

ಅದಕ್ಕೇ ಊರಲ್ಲಿ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ನಾನೂ ಹಾಕಿಸಿದ್ದೇನೆ. ಕರೆಂಟ್ ಬಂದ ಕೂಡಲೇ ಮೋಟಾರು ತಾನೇ ಓಡುತ್ತದೆ, ಹೋಗುವ ತನಕ ನಿಲ್ಲುವುದಿಲ್ಲ. ಮಳೆ ಬಂದ ರಾತ್ರಿಯೂ ಅಷ್ಟೇ. ಬೆಳಿಗ್ಗೆ ಹೋಗಿ ನೋಡಿದರೆ ನೀರು ಬದು ದಾಟಿ ಹರಿದಿರುತ್ತದೆ. ಅಷ್ಟು ಆಳದಿಂದ ಎತ್ತಿದ ನೀರು!

ನೀರಿನ ಜೊತೆ ಹಾಳಾಗುವ ಕರೆಂಟ್ ಎಲ್ಲಿಂದ ಬಂತು ಎಂದೂ ಕೇಳಬೇಕಲ್ವಾ? ನನ್ನದು 5 ಎಚ್‌ಪಿ ಮೋಟಾರು. 4 ಗಂಟೆಗೆ ಸುಮಾರು 15 ಯೂನಿಟ್ ಎಳೆಯುತ್ತದೆ. ರಾತ್ರಿ ಬಿಸಿಲಿಲ್ಲ. ಶರಾವತಿ ನೀರು, ಗಾಳಿಯಂತ್ರ ಸಾಲದಿದ್ದರೆ ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಉರಿಯಬೇಕು. ಕಲ್ಲಿದ್ದಲಿನಿಂದ ಒಂದು ಯೂನಿಟ್ ತೆಗೆದರೆ ಸುಮಾರು ಒಂದು ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ನನ್ನ ಒಂದು ಮೋಟಾರಿಗೇ ಒಂದು ರಾತ್ರಿಗೆ 15 ಕೆಜಿ! ರಾಜ್ಯದಲ್ಲಿ ಇಂಥ ಪಂಪ್‌ಸೆಟ್ ಲಕ್ಷಗಟ್ಟಲೆ ಇವೆ.

ಅತ್ತ ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ತಿರುಮಣಿ ಸುತ್ತಲಿನ ರೈತರು ಜಮೀನು ಗುತ್ತಿಗೆಗೆ ಕೊಟ್ಟಿದ್ದಾರೆ. ಹಗಲು ಬೇಡಿಕೆ ಕಡಿಮೆಯಾದಾಗ ಸೋಲಾರ್ ಉತ್ಪಾದನೆಯನ್ನೇ ತಗ್ಗಿಸುವುದೂ ಉಂಟು. ಬಿಸಿಲಿನ ಕರೆಂಟ್ ಬೇಡವೆಂದು ಬಿಟ್ಟು, ರಾತ್ರಿ ಕಲ್ಲಿದ್ದಲು ಸುಟ್ಟು ನಮಗೆ ಕೊಡುವುದು ಯಾವ ಲೆಕ್ಕ?

ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಪಂಪ್‌ಸೆಟ್ ಫೀಡರ್‌ಗೆ ಹಗಲು ಕರೆಂಟ್ ಕೊಡುವುದಕ್ಕೆ ಕೇಂದ್ರದ ಕುಸುಮ್ ಯೋಜನೆ ಇದೆ. ಅದು 2019ರಲ್ಲೇ ಶುರುವಾಗಿದ್ದು. ನಮ್ಮ ಹೋಬಳಿಗೆ ಯಾವಾಗ ಎಂದು ಅಧಿಕಾರಿಗಳನ್ನು ಕೇಳಿದರೆ, 'ಮೇಲಿಂದ ಆರ್ಡರ್ ಬರಬೇಕಮ್ಮ' ಎನ್ನುತ್ತಾರೆ. ಆ ಆರ್ಡರ್ ಈ ಬೇಸಿಗೆಯೊಳಗೆ ಬರಲಿ. ಅಲ್ಲಿಯವರೆಗೆ, ಇರುವ 7 ಗಂಟೆಯನ್ನೇ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಕೊಡಲಿ. ಕೊಟ್ಟ ದಿನವೇ ನನ್ನ ಆಟೋ ಸ್ಟಾರ್ಟರ್ ಬಿಚ್ಚಿಡುತ್ತೇನೆ.

– ಒಬ್ಬ ರೈತ ಮಹಿಳೆ, ಮಧುಗಿರಿ ತಾಲ್ಲೂಕು