ದೊಡ್ಡ ಹುಡುಗೂರ ಸ್ಕೌಟಿಂಗ್ ಉಳೀಬೇಕಂದ್ರ ಮೊದಲ ಲೀಡರ್‌ಗಳ ಕೈ ಹಿಡೀರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಈಗ ಪಿಯು, ಡಿಗ್ರಿ ಅಡ್ಮಿಷನ್ ನಡದಾವು. ಇನ್ನೊಂದು ತಿಂಗಳಿಗೆ ನಮ್ಮ ಭಾಗದ ಕಾಲೇಜುಗಳೊಳಗ ಎನ್‌ಸಿಸಿಗೊಂದು, ಎನ್‌ಎಸ್‌ಎಸ್‌ಗೊಂದು, ಸ್ಕೌಟಿನ ದೊಡ್ಡ ಹುಡುಗೂರ ವಿಭಾಗ ರೋವರ್ಸ್ ರೇಂಜರ್ಸ್‌ಗೊಂದು ಟೇಬಲ್ ಹಾಕಿ ಹೆಸರು ಬರ್ಕೋತಾರ. ರೋವರ್ಸ್ ಟೇಬಲ್ಲಿಗೆ ನಲವತ್ತು ಹೆಸರು ಬಂದ್ರ ದೀಪಾವಳಿ ಹೊತ್ತಿಗೆ ಎಂಟೋ ಹತ್ತೋ ಉಳೀತಾವು, ಆಮ್ಯಾಲೆ ಸ್ಟಾಫ್ ರೂಮಿನ್ಯಾಗ ಎಲ್ಲಾರೂ ಒಂದ ಮಾತು ಹೇಳ್ತಾರ, ಈಗಿನ ಹುಡುಗೂರಿಗೆ ಮೊಬೈಲ್ ಒಂದಿದ್ರ ಸಾಕು, ಬ್ಯಾರೆ ಏನೂ ಬ್ಯಾಡ ಅಂತ. ನಾನು ಧಾರವಾಡದಾಗ ರೋವರ್ ಕ್ರ್ಯೂ, ಅಂದ್ರ ರೋವರ್ ಹುಡುಗೂರ ತಂಡ, ನಡಸಾಕ ಹತ್ತಿ 11 ವರ್ಷ ಆತು, ಈ ಮಾತು ನಾನು ಒಪ್ಪಂಗಿಲ್ರಿ. ಅವರ ಮುಂದ ನಿಂತ ಲೀಡರ್‌ಗೆ ಮುಂದಿನ ವಾರ ಏನ್ ಮಾಡಬೇಕಂತ ಗೊತ್ತಿರಂಗಿಲ್ಲ, ಹೇಳಿಕೊಡವ್ರೂ ಇರಂಗಿಲ್ಲ, ಅದಕ್ಕ ಹುಡುಗೂರು ಹೋಗ್ತಾರ.

ಸ್ಕೌಟ್ ಅಂದಕೂಡ್ಲೆ ಮಂದಿಗೆ 15 ಆಗಸ್ಟ್‌ಗೆ ಸಾಲಿ ಮೈದಾನದಾಗ ಸ್ಕಾರ್ಫ್ ಹಾಕ್ಕೊಂಡು ಸೆಲ್ಯೂಟ್ ಹೊಡಿಯೋ ಸಣ್ಣ ಹುಡುಗೂರು ಕಣ್ಣ ಮುಂದ ಬರ್ತಾರ. ಹದಿನೈದು ದಾಟಿದವ್ರಿಗೆ, ಇಪ್ಪತ್ತೈದರ ತನಕ, ಬ್ಯಾರೆ ವಿಭಾಗ ಐತಿ, ಗಂಡುಹುಡುಗೂರಿಗೆ ರೋವರ್, ಹೆಣ್ಣುಮಕ್ಕಳಿಗೆ ರೇಂಜರ್. ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಅವರು 1907ರಾಗ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಾಗ ಸುಮಾರು 20 ಹುಡುಗೂರನ್ನ ಇಟ್ಕೊಂಡು ಮೊದಲ ಶಿಬಿರ ಮಾಡಿದ್ರು, ಸ್ಕೌಟ್ ಹುಡುಗೂರು ದೊಡ್ಡವ್ರಾಗಿ ಇನ್ನ ನಮಗೇನು ಅಂದಾಗ 1918ರಾಗ ರೋವರ್ ಶುರು ಆತು. ಅದರ ಧ್ಯೇಯ ಒಂದ ಶಬ್ದ, ಸೇವೆ. ಸಣ್ಣವ್ರನ್ನ ನಡಸೋ ರೀತಿ ಬ್ಯಾರೆ, ಮೀಸಿ ಚಿಗುರಿದವ್ರನ್ನ ನಡಸೋ ರೀತಿ ಬ್ಯಾರೆ, ಈ ಫರಕ್ ನನಗ ತಿಳಿಯಾಕ ಒಂದು ಪೂರ್ತಿ ವರ್ಷ ಹೋತು.

ನಾನು ಕೆಲಸಕ್ಕ ಸೇರಿದ ಹೊಸದಾಗಿ ಪ್ರಿನ್ಸಿಪಾಲರು ಕರೆದು ನೀವು ಹುರುಪಿನವ್ರು, ಘಟಕ ನೀವ ತಗೋರಿ ಅಂದ್ರು. ಏಳು ದಿನದ ಬೇಸಿಕ್ ಕೋರ್ಸ್ ಮಾಡಿ ಬಂದೆ. ಕೋರ್ಸ್ ಚಲೋ ಇತ್ತು, ಡೇರೆ, ಗಂಟು, ಒಲಿ ಹಚ್ಚೂದು, ಧ್ವಜ, ನಿಯಮ, ಪ್ರತಿಜ್ಞೆ ಎಲ್ಲಾ ಕಲಿಸಿದ್ರು, ಕಲಿಸಿದವ್ರ ಬಗ್ಗೆ ನನಗ ಗೌರವ ಐತಿ. ಆದ್ರ ಎಂಟನೇ ದಿನ ಊರಿಗೆ ಬಂದು 42 ಮಂದಿ ಹದಿನೇಳು ಹದಿನೆಂಟು ವಯಸ್ಸಿನವ್ರ ಮುಂದ ನಿಂತಾಗ ನನಗ ಬರತಿದ್ದದ್ದು ಅದಷ್ಟ, ಸೀಟಿ ಊದಿ ಲೈನ್ ಹಚ್ಚಿಸಿ ರೀಫ್ ನಾಟ್ ಹಾಕ್ಸಿದೆ, ಮುಂದಿನ ಶನಿವಾರ ಕ್ಲೋವ್ ಹಿಚ್ ಹಾಕ್ಸಿದೆ. ನಾಲ್ಕನೇ ಶನಿವಾರಕ್ಕ 11 ಮಂದಿ ಬಂದ್ರು. ಅದರಾಗ ನವಲೂರ ಕಡಿಂದ ಬರತಿದ್ದ ಒಬ್ಬ ಹುಡುಗ, ಭಾಳ ಮರ್ಯಾದಿಲೆ ಕೇಳಿದ, "ಸರ್ ಗಂಟು ಹಾಕೂದು ನಾವು ಎಂಟನೇತ್ತಾದಾಗ ಕಲ್ತೀವ್ರಿ, ಈಗ ಈ ಗಂಟ್ಲೆ ಏನ್ ಕಟ್ಟೂಣ್ರಿ?"

ನನ್ನ ಹತ್ರ ಉತ್ತರ ಇರಲಿಲ್ರಿ. ಕೇಳಬೇಕಂದ್ರ ಯಾರನ್ನ ಕೇಳೂದು ಅಂತನೂ ಗೊತ್ತಿರಲಿಲ್ಲ.

ನನ್ನ ಪುಣ್ಯಕ್ಕ ಹುಬ್ಬಳ್ಳಿ ವಿದ್ಯಾನಗರದಾಗ ಒಬ್ರು ರಿಟೈರ್ಡ್ ಅಕ್ಕೋರು ಸಿಕ್ರು, ಭಾಳ ವರ್ಷ ರೇಂಜರ್ ಲೀಡರ್ ಆಗಿದ್ದವ್ರು. ಮನಿಗೆ ಕರೆದು ಚಾ ಕೊಟ್ಟು ಅವರ ಹಳೇ ಮೀಟಿಂಗ್ ಪುಸ್ತಕ ತಗದು ತೋರಿಸಿದ್ರು. ಒಂದು ಪುಟದಾಗೂ ಅವರ ಅಕ್ಷರ ಇರಲಿಲ್ಲ, ಎಲ್ಲಾ ಹುಡುಗ್ಯಾರ ಬರದದ್ದು, ಯಾರು ಏನಂದ್ರು, ಎಷ್ಟ್ ರೊಕ್ಕ ಬಂತು, ಎಷ್ಟ್ ಖರ್ಚಾತು, ಯಾರ ಮ್ಯಾಲೆ ಯಾವ ಕೆಲಸ ಬಿತ್ತು ಎಲ್ಲಾ. ಅಕ್ಕೋರು ಅಂದ್ರು, ಸರ್ ಒಂದು ತಿಂಗಳ ನೀವು ಹಿಂದಿನ ಬೆಂಚಿನ್ಯಾಗ ಕುಂಡ್ರರಿ, ಅವರಿಗೇ ಕ್ರ್ಯೂ ಕೌನ್ಸಿಲ್, ಅಂದ್ರ ತಂಡದ ಸಭಾ, ಮಾಡಾಕ ಬಿಡ್ರಿ, ಮೇಟ್ ಅಂದ್ರ ಮುಂದಾಳು ಯಾರು, ಸೆಕ್ರೆಟರಿ ಯಾರು, ರೊಕ್ಕ ಯಾರ ಕಡೆ ಇರಬೇಕು ಅವರ ಆರಿಸ್ಲಿ, ನಿಮ್ಮನ್ನ ಕೇಳಿದಾಗಷ್ಟ ಬಾಯಿ ತಗೀರಿ.

ಹೇಳಿದಷ್ಟು ಹಗುರ ಇಲ್ರಿ ಅದು. ಶಿವರಾತ್ರಿಗೆ ಸಿದ್ಧಾರೂಢಸ್ವಾಮಿ ಮಠದ ಜಾತ್ರಿಯೊಳಗ ತಪ್ಪಿಸ್ಕೊಂಡ ಮಕ್ಕಳನ್ನ, ವಯಸ್ಸಾದವ್ರನ್ನ ಅವರ ಮಂದಿ ಹತ್ರ ಮುಟ್ಟಿಸೋ ಸೇವಾ ಮಾಡ್ತೀವಿ ಅಂತ ಹುಡುಗೂರ ಗೊತ್ತು ಮಾಡಿದ್ರು, ಮಠದವ್ರಿಗೆ ಪತ್ರ, ಪೊಲೀಸ್ ಸ್ಟೇಷನ್ನಿಗೆ ಪತ್ರ ಎಲ್ಲಾ ತಾವ ಬರದ್ರು. ಪಾಳಿ ಹಾಕಿದ ಹಾಳಿ ನೋಡಿದಾಗ ಸಂಜಿ ಮ್ಯಾಲಿನ ಡ್ಯೂಟಿಗೆ ಇಬ್ಬರದ ಹೆಸರು ಐತಿ ಅಂತ ನನ್ನ ಕಣ್ಣಿಗೆ ಬಿತ್ತು, ಒಮ್ಮೆ ಕೇಳಿದೆ, ಇಷ್ಟ ಸಾಕೇನಪ ಅಂತ, ಸಾಕ್ರಿ ಸರ್ ಅಂದ್ರು, ಸುಮ್ನಾದೆ. ಆ ಇಬ್ರು ಒಂಬತ್ತು ತಾಸು ನಿಂತ್ರು, ನಾನೂ ಅವರ ಹತ್ರ ನಿಂತಿದ್ದೆ, ಊಟ ತಂದುಕೊಟ್ಟೆ. ಮುಂದಿನ ಮೀಟಿಂಗಿನ್ಯಾಗ ಯಾರೂ ಹೇಳದನ ಅವರ ಆ ವಿಷಯ ತಗದು ಮೂರು ತಾಸಿಗೊಂದು ಪಾಳಿ ಅಂತ ಪುಸ್ತಕದಾಗ ಬರದಿಟ್ರು, ಇವತ್ತಿಗೂ ನಮ್ಮ ಕ್ರ್ಯೂ ಅದ ಲೆಕ್ಕದಾಗ ನಡೀತೈತಿ.

ಹಂಗಂತ ಎಲ್ಲಾದಕ್ಕೂ ಸುಮ್ನಿರಾಕ ಬರಂಗಿಲ್ಲ. ಒಂದ್ ವರ್ಷ ಏಪ್ರಿಲ್ ತಿಂಗಳದಾಗ ಪರೀಕ್ಷಾ ಮುಗಿದ ಮ್ಯಾಲೆ ಕಪ್ಪತಗುಡ್ಡ ಹತ್ತೂಣು, ಹತ್ತು ಗಂಟೆಕ ಶುರು ಮಾಡಿ ಮಧ್ಯಾಹ್ನಕ್ಕ ತುದಿ ಮುಟ್ಟೂಣು ಅಂತ ಪ್ಲಾನ್ ಹಾಕ್ಕೊಂಡ್ ಬಂದ್ರು. ಅಲ್ಲಿ ನಾನು ಬ್ಯಾಡ ಅಂದೆ, ಯಾಕ ಅನ್ನೂದನ್ನೂ ಹೇಳಿದೆ. ಗದಗ ಬಿಸಿಲಂದ್ರ ಗೊತ್ತಲ್ರಿ, ನೆರಳು ಕಡಿಮಿ, ನೀರು ಹೊತ್ಕೊಂಡ ಹೋಗಬೇಕು, ಬ್ಯಾಸಿಗ್ಯಾಗ ಒಣಹುಲ್ಲಿಗೆ ಬೆಂಕಿ ಬೀಳ್ತೈತಿ, ಅದರ ಮ್ಯಾಲೆ 2019ರಾಗ ಅದು ವನ್ಯಜೀವಿ ಧಾಮ ಆಗೇತಿ, ಅರಣ್ಯ ಇಲಾಖೆ ಪರವಾನಗಿ ಇಲ್ಲದ ಕಾಲಿಡಂಗಿಲ್ಲ. ಡಿಸೆಂಬರಕ್ಕ ಹಾಕ್ಕೊಂಡ್ವಿ, ಪರವಾನಗಿ ಪತ್ರ, ಮನಿಯವ್ರ ಒಪ್ಪಿಗಿ ಪತ್ರ, ಫಸ್ಟ್ ಏಡ್ ಪೆಟ್ಟಿಗಿ, ಯಾರಿಗೆ ಅಸ್ತಮಾ ಐತಿ, ಯಾರಿಗೆ ಯಾವ ಗುಳಿಗಿ ನಡೀತಾವು ಅನ್ನೋ ಪಟ್ಟಿ ಎಲ್ಲಾ ಅವರ ಕೈಲೆ ಮಾಡಿಸಿದೆ. ಪಾಳಿ ತಪ್ಪಿದ್ರ ಕಾಲು ನೋಯತಾವು, ಬಿಸಿಲಿಗೆ ಬಿದ್ರ ಜೀವಕ್ಕ ಬರ್ತೈತಿ. ಎಲ್ಲಿ ಬಿಡಬೇಕು ಎಲ್ಲಿ ಹಿಡೀಬೇಕು ಅನ್ನೂದು ಏಳು ದಿನದ ಕೋರ್ಸಿನ್ಯಾಗ ಬರಂಗಿಲ್ರಿ, ನುರಿತ ಲೀಡರ್ ಒಬ್ಬರ ಮಗ್ಗಲದಾಗ ಕುಂತು ವರ್ಷಗಟ್ಟಲೆ ನೋಡಿದ್ರ ಬರ್ತೈತಿ. ನನ್ನ ಬೇಡಿಕಿ ಎಲ್ಲಾ ಇದರ ಮ್ಯಾಲ ನಿಂತೈತಿ.

ಹುಡುಗೂರ ಮ್ಯಾಲೆ ಭರೋಸಾ ಇಟ್ರ ಏನಾಗ್ತೈತಿ ಅಂತ 2019ರ ಆಗಸ್ಟ್‌ನ್ಯಾಗ ನೋಡೀನಿ. ಮಲಪ್ರಭಾ ತುಂಬಿ ಬಂದು ಕೊಣ್ಣೂರು, ಹೊಳೆಆಲೂರು ಕಡೆ ಮನಿ ಮಾರು ಹೋದಾಗ ಎಲ್ಲಾರೂ ಹಳೇ ಅರಿವಿ ಗುಡ್ಡಿ ಹಾಕಾಕ ಹತ್ತಿದ್ರು. ಬಿಕಾಂ ಓದತಿದ್ದ ಒಬ್ಬಾಕಿ ರೇಂಜರ್ ಹುಡುಗಿ ಮೊದಲ ಫೋನ್ ಹಚ್ಚಿ ಅಲ್ಲಿದ್ದವ್ರಿಗೆ ನಿಮಗೇನು ಬೇಕಾಗೇತ್ರಿ ಅಂತ ಕೇಳಿದಳು. ಅರಿವಿ ಸಾಕಾಗ್ಯಾವು, ಬಕೀಟ್, ಬ್ಯಾಟ್ರಿ, ಹೆಣ್ಣುಮಕ್ಕಳಿಗೆ ಪ್ಯಾಡ್ ಬೇಕು ಅಂತ ಹೇಳಿದ್ರಂತ. ಅದನ್ನ ಕಳಸಿದ್ವಿ. ನನಗ ಆ ಪ್ರಶ್ನೆ ಹೊಳದಿರಲಿಲ್ಲ.

ಹೆಣ್ಣುಮಕ್ಕಳ ಮಾತು ಬಂತಂದ್ರ ಇನ್ನೊಂದು ಹೇಳಬೇಕು. ರೇಂಜರ್ ಟೀಮಿಗೆ ಮಹಿಳಾ ಲೀಡರ್ ಇರಲೇಬೇಕು, ಕಾಲೇಜಿನ್ಯಾಗ ಇರೋ ಮೇಡಮ್ಮರಿಗೆ ಮನಿ ಕೆಲಸ, ಕ್ಲಾಸು, ಪೇಪರ್ ತಿದ್ದೂದು ಎಲ್ಲಾ ಇರ್ತೈತಿ, ಇದಕ್ಕ ಪಗಾರನೂ ಇಲ್ಲ. ಹಾವೇರಿ ಕಡೆ ಹಳ್ಳಿಯಿಂದ ಬರೋ ಹುಡುಗ್ಯಾರು ಸಂಜಿ ಬಸ್ ತಪ್ಪಿದ್ರ ಮನಿಯಾಗ ಕಾಲೇಜ ಬಿಡಸ್ತಾರೇನೋ ಅನ್ನೋ ಅಂಜಿಕಿಯಾಗ ಇರ್ತಾರ, ಅವರಿಗೆ ರವಿವಾರದ ಮೀಟಿಂಗ್ ಇಟ್ಟು ಬರಲಿಲ್ಲ ಅಂತ ಹೆಸರು ಹೊಡದ್ರ ಹೆಂಗ್ರಿ? ಮಧ್ಯಾಹ್ನ ಊಟದ ಹೊತ್ತಿನ್ಯಾಗ ಬುತ್ತಿ ಬಿಚ್ಚಿಕೊಂಡು ಮೀಟಿಂಗ್ ಮಾಡಬಹುದು. ಜುಲೈದಾಗ ಒಮ್ಮೆ ತಾಯಿತಂದಿ ಕರೆದು ಏನ್ ಮಾಡ್ತೀವಿ, ಎಷ್ಟೊತ್ತಿಗೆ ಬಿಡ್ತೀವಿ, ಜೋಡಿ ಯಾರ ಇರ್ತಾರ ಅಂತ ಎದುರಾ ಎದುರ ಹೇಳಿದ್ರ ಅರ್ಧ ತೊಂದ್ರಿ ಅಲ್ಲೇ ಮುಗೀತೈತಿ, ಇದನ್ನೂ ನನಗ ಆ ಅಕ್ಕೋರ ಹೇಳಿದ್ದು.

ಕಾಗದಪತ್ರದ ವಿಷಯನೂ ಸಣ್ಣದಲ್ರಿ. ಪ್ರವೇಶ, ಪ್ರವೀಣ, ನಿಪುಣ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಅಂತ ಮೆಟ್ಟಿಲು ಅದಾವು, ಹುಬ್ಬಳ್ಳಿಯಾಗ ನೈಋತ್ಯ ರೈಲ್ವೆ ಕೇಂದ್ರ ಕಚೇರಿ ಐತಿ, ರೈಲ್ವೆ ನೌಕರಿಗೆ ಸ್ಕೌಟ್ಸ್ ಗೈಡ್ಸ್ ಕೋಟಾ ಐತಿ, ಹಿಂಗಾಗಿ ಬಡವರ ಮಕ್ಕಳು ಸರ್ಟಿಫಿಕೇಟ್ ಕೇಳಿದ್ರ ಅದು ತಪ್ಪಲ್ಲ. ನನಗ ಗೊತ್ತಿದ್ದ ಒಬ್ಬ ಹುಡುಗ, ಊರು ಕಾಲೇಜು ಹೇಳೂದು ಬ್ಯಾಡ, ಎರಡು ವರ್ಷ ಬೆವರು ಸುರಿಸಿ ಲಾಗ್ ಬುಕ್ ತುಂಬಿದ್ದ, ಲೀಡರ್ ಬದಲಾದ್ರು, ಹೊಸಬರಿಗೆ ಯಾವುದಕ್ಕ ಸಹಿ ಹಾಕಬೇಕು ಯಾವಾಗ ಕಳಸಬೇಕು ಗೊತ್ತಿರಲಿಲ್ಲ, ಪುಸ್ತಕ ಕಪಾಟಿನ್ಯಾಗ ಉಳೀತು, ಪರೀಕ್ಷಾ ತಾರೀಖು ದಾಟಿ ಹೋತು. ಆ ಹೊಸ ಲೀಡರ್ ನನ್ನ ಮುಂದ ಕಣ್ಣಾಗ ನೀರು ತಂದ್ರು. ಅವರದೂ ತಪ್ಪಿಲ್ಲ, ಅವರಿಗೆ ಹೇಳವ್ರ ಇರಲಿಲ್ಲ.

ಅದಕ್ಕ ಸ್ಕೌಟ್ಸ್ ಗೈಡ್ಸ್ ಜಿಲ್ಲಾ ಸಂಸ್ಥೆಗಳಿಗೆ, ಕಾಲೇಜುಗಳಿಗೆ ನಿಮ್ಮ ಪತ್ರಿಕೆ ಮೂಲಕ ಕೈ ಮುಗಿದು ಕೇಳ್ಕೋತೀನಿ. ಬೇಸಿಕ್ ಕೋರ್ಸ್ ಮುಗಿಸಿದ ಪ್ರತಿ ಲೀಡರ್‌ಗೆ ಒಂದು ವರ್ಷ ಹಳೇ ಲೀಡರ್ ಒಬ್ಬರನ್ನ ಜೋಡಿ ಹಾಕಿ ಕೊಡ್ರಿ, ಹೆಸರು ಫೋನ್ ನಂಬರ್ ಬರದು ಕೊಡ್ರಿ, ತಿಂಗಳಿಗೆ ಒಮ್ಮೆ ಅವರ ಮೀಟಿಂಗಿಗೆ ಇವರು ಹೋಗಲಿ, ಇವರ ಮೀಟಿಂಗಿಗೆ ಅವರು ಬರಲಿ. ಪ್ರಿನ್ಸಿಪಾಲರು ವಾರಕ್ಕ ಎರಡು ಪಿರಿಯಡ್ ಟೈಮ್ ಟೇಬಲ್‌ನ್ಯಾಗ ಹಾಕಿ ಅದನ್ನ ವರ್ಕ್‌ಲೋಡಿನ್ಯಾಗ ಹಿಡೀರಿ. ರೋವರ್ ಆಗಿದ್ದು ಈಗ ಕೆಲಸದಾಗ ಇರೋ ಇಪ್ಪತ್ತೆಂಟು ಮೂವತ್ತರ ಹುಡುಗೂರು ನಮ್ಮ ಅವಳಿ ನಗರದಾಗ ಅದಾರ, ಅವರನ್ನ ಅಸಿಸ್ಟೆಂಟ್ ಲೀಡರ್ ಅಂತ ಕರಕೊಂಡ್ ಬರ್ರಿ, ಅವರ ಮಾತು ನಮ್ಮ ಮಾತಿಗಿಂತ ಲಗೂನ ನಾಟ್ತೈತಿ. ಹುಬ್ಬಳ್ಳಿ ಡಾ. ನಾ.ಸು. ಹರ್ಡೀಕರರ ಕರ್ಮಭೂಮಿ, 1923ರಾಗ ಹಿಂದೂಸ್ತಾನಿ ಸೇವಾ ದಳ ಅನ್ನೋ ಸ್ವಯಂಸೇವಕರ ಸಂಘಟನಾ ಕಟ್ಟಿದವ್ರು ಅವರು. ತರುಣರನ್ನ ಸೇವಾಕ್ಕ ತಯಾರ ಮಾಡೂದು ಈ ಊರಿಗೆ ಹೊಸದಲ್ಲ.

ಇಲಾಖೆ ಆದೇಶ ಬರೋ ತನಕ ಕಾಯೂದು ಬ್ಯಾಡಂತ ನಾವು ನಾಲ್ಕು ಮಂದಿ ಲೀಡರ್‌ಗಳು ಜುಲೈ ಮೊದಲ ರವಿವಾರ ಮುಂಜಾನೆ ಎಂಟಕ್ಕ ಧಾರವಾಡದ ಕೆಲಗೇರಿ ಕೆರಿ ದಂಡಿ ಮ್ಯಾಲೆ ಕೂಡಾಕತ್ತೀವಿ. ಲಕ್ಷ್ಮೇಶ್ವರದಿಂದ ಒಬ್ರು ಮೇಡಂ, ರಾಣೆಬೆನ್ನೂರಿನಿಂದ ಒಬ್ರು ಸರ್ ಬರ್ತೀವಿ ಅಂದಾರ. ಈ ವರ್ಷ ಹೊಸದಾಗಿ ಘಟಕ ತಗೊಂಡವ್ರು ಯಾರ ಇದ್ರೂ ಬರ್ರಿ, ಕಾಲೇಜಿನ ಪರೀಕ್ಷಾ ಕ್ಯಾಲೆಂಡರ್ ಒಂದು, ಖಾಲಿ ನೋಟ್‌ಬುಕ್ ಒಂದು ಹಿಡ್ಕೊಂಡು ಬರ್ರಿ, ಬುತ್ತಿ ನಾವ ತರ್ತೀವಿ.

ಇಂತಿ ನಿಮ್ಮ ಓದುಗ,
ಒಬ್ಬ ರೋವರ್ ಸ್ಕೌಟ್ ಲೀಡರ್, ಧಾರವಾಡ